ಪೆಟ್ಟಿಗೆಯಲ್ಲಿ ಕಾದಿಟ್ಟ ಕೊಳ್ಳಿ

ಪ್ರಶ್ನೆ: ಹೆತ್ತ ಮಕ್ಕಳನ್ನೇ ಕೊಂದ ಗ್ರೀಕ್ ತಾಯಿ ಎಂದರೆ ಎಲ್ಲರೂ ಮೆಡಿಯಾಳ ಹೆಸರು ಹೇಳುತ್ತಾರೆ. ಅಲ್ಥಾಯಾ ಎಂಬವಳೂ ಮಗನನ್ನು ಕೊಂದಳಂತೆ. ಯಾರಿವಳು? ಇವಳೂ ಮೆಡಿಯಾಳಂಥವಳೇ?

ಉತ್ತರ: ಅಲ್ಥಾಯಾ ಗ್ರೀಕ್ ಪುರಾಣದಲ್ಲಿ ಕ್ಯಾಲಿಡಾನ್ ಎಂಬ ಊರಿನ ಅರಸ ಈನಿಯಸನ ಹೆಂಡತಿ, ಥೆಸ್ಟಿಯಸನ ಮಗಳು, ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನಳ ತಾಯಿ ಲೀಡಾ ಇವಳ ಒಡಹುಟ್ಟಿದವಳು. ಮಗ ಮೆಲಿಯಾಗರ್ ಏಳು ದಿನದ ಕೂಸಾಗಿದ್ದಾಗ ವಿಧಿದೇವತೆಗಳು ಬಂದು, ಒಲೆಯಲ್ಲಿರುವ ಕೊಳ್ಳಿ ಉರಿದು ಮುಗಿಯುವವರೆಗೆ ಮಾತ್ರ ಇವನ ಆಯುಸ್ಸು ಎಂದರಂತೆ. ಅಲ್ಥಾಯಾ ಕೂಡಲೇ ಅದನ್ನು ಹೊರಗೆಳೆದು ಆರಿಸಿ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು.

ಮುಂದೆ ಈನಿಯಸನು ಸುಗ್ಗಿಯ ಪೂಜೆಯಲ್ಲಿ ಬೇಟೆಯ ದೇವಿ ಆರ್ಟೆಮಿಸಳೊಬ್ಬಳನ್ನೇ ಮರೆತನು. ಅವಳು ಮುನಿದು ಕಳುಹಿಸಿದ ಕಾಡುಹಂದಿಯನ್ನು ಕೊಂದ ಮೆಲಿಯಾಗರ್, ಅದಕ್ಕೆ ಮೊದಲ ಗಾಯ ಮಾಡಿದ ಬೇಟೆಗಾರ್ತಿ ಅಟಲಾಂಟಾಳಿಗೆ ಅದರ ಚರ್ಮವನ್ನು ಕೊಟ್ಟನು. ಹೆಣ್ಣಿಗೆ ಆ ಗೌರವ ಸಲ್ಲದೆಂದು ಸೋದರಮಾವಂದಿರು ಅದನ್ನು ಕಿತ್ತುಕೊಂಡಾಗ ಅವರನ್ನೂ ಕೊಂದನು. ರೋಮನ್ ಕವಿ ಓವಿಡ್ ಹೇಳುವಂತೆ, ಮಗನ ಗೆಲುವಿಗಾಗಿ ದೇವಾಲಯಕ್ಕೆ ಕಾಣಿಕೆ ಒಯ್ಯುತ್ತಿದ್ದ ಅಲ್ಥಾಯಾಳಿಗೆ ಎದುರಾದದ್ದು ಸೋದರರ ಹೆಣಗಳು. ಹೊನ್ನಿನ ಉಡುಗೆ ಕಳಚಿ ಕಪ್ಪುಟ್ಟವಳು ಆ ಕೊಳ್ಳಿಯನ್ನು ಬೆಂಕಿಗೆ ಒಡ್ಡಲು ನಾಲ್ಕು ಸಲ ಕೈಚಾಚಿ, ನಾಲ್ಕು ಸಲವೂ ಹಿಂದೆಗೆದು, ಕೊನೆಗೆ ಮುಖ ತಿರುಗಿಸಿ ಎಸೆದಳು. ದೂರದಲ್ಲಿದ್ದ ಮಗ ಒಡಲುರಿಯಿಂದ ಸತ್ತನು, ಅವಳೂ ಉಳಿಯಲಿಲ್ಲ. ಓವಿಡ್ ಕತ್ತಿಯಿಂದ ಇರಿದುಕೊಂಡಳೆನ್ನುತ್ತಾನೆ, ಅಪೊಲೊಡೋರಸನ ಹೆಸರಿನ ಹಳೆಯ ಗ್ರೀಕ್ ಪುರಾಣಗ್ರಂಥ ನೇಣು ಹಾಕಿಕೊಂಡಳೆನ್ನುತ್ತದೆ.

ಮೆಡಿಯಾ ಮಕ್ಕಳನ್ನು ಕೊಂದದ್ದು ವಂಚಿಸಿದ ಗಂಡನ ಕರುಳಿಗೆ ಇರಿಯಲೆಂದು. ಅಲ್ಥಾಯಾಳಿಗೆ ಗಂಡನ ಮೇಲೆ ಹಗೆಯಿಲ್ಲ. ಅವಳನ್ನು ಸೀಳುವುದು ತವರಿನ ರಕ್ತ ಮತ್ತು ಹೆತ್ತ ಕರುಳು. ಆದ್ದರಿಂದ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನೊಂದು ಮಾತು. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಮಹಾಕಾವ್ಯ ಇಲಿಯಡ್‌ನ 9ನೆಯ ಸರ್ಗದಲ್ಲಿ, ಮುನಿಸಿಕೊಂಡು ಯುದ್ಧದಿಂದ ದೂರ ಕುಳಿತ ಗ್ರೀಕ್ ವೀರ ಅಕಿಲೀಸನಿಗೆ ಮುದುಕ ಫೀನಿಕ್ಸ್ ಈ ಕಥೆ ಹೇಳುತ್ತಾನೆ. ಅಲ್ಲಿ ಕೊಳ್ಳಿಯ ಸುದ್ದಿಯೇ ಇಲ್ಲ. ಮಗನ ಕೈಯಲ್ಲಿ ಸೋದರನನ್ನು ಕಳೆದುಕೊಂಡ ಅಲ್ಥಾಯಾ ಮಂಡಿಯೂರಿ, ಕೈಗಳಿಂದ ನೆಲ ಬಡಿಯುತ್ತ, ಮಗನಿಗೆ ಸಾವು ಕೊಡೆಂದು ಪಾತಾಳದ ದೇವತೆಗಳನ್ನು ಕೂಗುತ್ತಾಳೆ. ಆ ಶಾಪಕ್ಕೆ ಕೆರಳಿದ ಮೆಲಿಯಾಗರ್, ಹಂದಿಯ ಚರ್ಮಕ್ಕಾಗಿ ನೆರೆಯವರೊಡನೆ ಹತ್ತಿದ್ದ ಯುದ್ಧ ತೊರೆದು ಮನೆಯಲ್ಲಿ ಮಲಗಿಬಿಡುತ್ತಾನೆ. ವೈರಿಗಳು ಊರಿಗೆ ಮುತ್ತಿದಾಗ ಅವನನ್ನು ಎಬ್ಬಿಸಲು ಬೇಡಿಕೊಂಡವರಲ್ಲಿ, ಶಪಿಸಿದ ಆ ತಾಯಿಯೂ ಇದ್ದಳು. ಅವನು ಕದಲಲಿಲ್ಲ, ಹೆಂಡತಿ ಕ್ಲಿಯೋಪಾತ್ರ ಅತ್ತು ಕೇಳಿಕೊಂಡಾಗಲೇ ಆಯುಧ ತೊಟ್ಟನು.