ಓದುಗರ ಪ್ರಶ್ನೆ: ಹಳೆಯ ಸರ್ವರ್‌ನಲ್ಲಿ ಪ್ರಿಂಟರ್ ಹಟ ಹಿಡಿದರೆ

ಪ್ರಶ್ನೆ: ನಮ್ಮ ಕಚೇರಿಯ ವಿಂಡೋಸ್ ಸರ್ವರ್ 2012 ಆರ್2ರಲ್ಲಿ ಪ್ರಿಂಟ್ ಸೇವೆಯನ್ನು ಸ್ಥಾಪಿಸಿ, ನೆಟ್‌ವರ್ಕ್‌ನಲ್ಲಿರುವ ಒಂದು ಲೇಸರ್ ಪ್ರಿಂಟರನ್ನು ಎಲ್ಲರಿಗೂ ಹಂಚಿದ್ದೇನೆ. ಸರ್ವರ್‌ನಿಂದ ಪರೀಕ್ಷಾ ಪುಟ ಸರಿಯಾಗಿ ಬರುತ್ತದೆ. ಆದರೆ ವಿಂಡೋಸ್ 7 ಇರುವ ಕಂಪ್ಯೂಟರ್‌ಗಳಲ್ಲಿ ಪ್ರಿಂಟರ್ ಸೇರಿಸಲು ಹೋದರೆ 11ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಾಣಿಸುತ್ತದೆ; ವಿಂಡೋಸ್ 11 ಇರುವವು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತವೆ. ಸಾಲದ್ದಕ್ಕೆ, ಪ್ರಿಂಟರ್ ಚಾಲೂ ಇದ್ದಾಗಲೂ ಆಗಾಗ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಸೇವೆಯನ್ನು ತೆಗೆದು ಮತ್ತೆ ಹಾಕಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?

ಉತ್ತರ: ನೀವು ವಿವರಿಸಿರುವುದು ಒಂದು ಸಮಸ್ಯೆಯಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಮಸ್ಯೆಗಳು, ಸೇವೆಯನ್ನು ಮರಳಿ ಸ್ಥಾಪಿಸುವುದರಿಂದ ಅವುಗಳಲ್ಲಿ ಒಂದೂ ಹೋಗುವುದಿಲ್ಲ. ಸರ್ವರ್‌ನಿಂದ ಪರೀಕ್ಷಾ ಪುಟ ಬಂದಿತೆಂದರೆ ಸರ್ವರ್ ಮತ್ತು ಪ್ರಿಂಟರ್ ನಡುವಿನ ದಾರಿ ಆ ಹೊತ್ತಿಗೆ ಸರಿಯಿತ್ತು ಎಂದಷ್ಟೇ ಅರ್ಥ. ಕಂಪ್ಯೂಟರ್‌ಗಳಿಂದ ಸರ್ವರ್‌ವರೆಗಿನ ದಾರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮೊದಲು ‘ಆಫ್‌ಲೈನ್’ ವಿಷಯ ನೋಡೋಣ. ಪ್ರಿಂಟರ್‌ನ ಮೆನುವಿನಿಂದಲೇ ಅದರ ಸಂರಚನಾ ಪುಟವನ್ನು ಮುದ್ರಿಸಿ, ಅದರಲ್ಲಿರುವ ಐಪಿ ವಿಳಾಸವನ್ನು ಸರ್ವರ್‌ನಲ್ಲಿ ಆ ಪ್ರಿಂಟರ್‌ನ ಪೋರ್ಟ್‌ಗೆ (ಪ್ರಿಂಟರನ್ನು ಎಲ್ಲಿ ತಲುಪಬೇಕೆಂದು ಹೇಳುವ ಸೆಟ್ಟಿಂಗ್) ಕೊಟ್ಟಿರುವ ವಿಳಾಸದೊಂದಿಗೆ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆ ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿದೆ ಎಂದು ತಿಳಿಯಿರಿ. ರೂಟರ್‌ನಲ್ಲಿ ಆ ಹೊಸ ವಿಳಾಸವನ್ನು ಪ್ರಿಂಟರ್‌ಗೇ ಕಾಯ್ದಿರಿಸಿ, ಪೋರ್ಟ್‌ಗೂ ಅದನ್ನೇ ಕೊಡಬೇಕು. ಪೋರ್ಟ್‌ನ ಹೆಸರು ಡಬ್ಲ್ಯುಎಸ್‌ಡಿ ಎಂದು ಆರಂಭವಾಗುತ್ತಿದ್ದರೆ, ವಿಂಡೋಸ್ ತಾನಾಗಿಯೇ ಹುಡುಕಿ ಹಾಕಿಕೊಂಡ ಆ ಪೋರ್ಟನ್ನು ಬಿಟ್ಟು, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟನ್ನು ನೀವೇ ರಚಿಸಿಕೊಳ್ಳಿ. ಇವೆರಡೂ ಸರಿಯಿದ್ದು, ಪಿಂಗ್‌ಗೂ (ಸಂಪರ್ಕ ಪರೀಕ್ಷಿಸುವ ಆಜ್ಞೆ) ಉತ್ತರ ಬರುತ್ತಿದ್ದು, ಆದರೂ ‘ಆಫ್‌ಲೈನ್’ ಎಂದೇ ಕಾಣುತ್ತಿದ್ದರೆ ಬಹುತೇಕ ಕಾರಣ ಎಸ್‌ಎನ್‌ಎಂಪಿ: ಈ ವಿಧಾನದಲ್ಲಿ ಸರ್ವರ್ ಯುಡಿಪಿ 161 ಎಂಬ ನೆಟ್‌ವರ್ಕ್ ದ್ವಾರದ ಮೂಲಕ ಪ್ರಿಂಟರ್‌ನ ಸ್ಥಿತಿಯನ್ನು ವಿಚಾರಿಸುತ್ತದೆ, ಉತ್ತರ ಬಾರದಿದ್ದರೆ ಪ್ರಿಂಟರ್ ಇಲ್ಲವೆಂದೇ ತೀರ್ಮಾನಿಸುತ್ತದೆ. ಮುದ್ರಣದ ದತ್ತಾಂಶ ಹೋಗುವುದು ಸಾಮಾನ್ಯವಾಗಿ ಟಿಸಿಪಿ 9100 ಎಂಬ ಬೇರೊಂದು ದ್ವಾರದಲ್ಲಿ. ಅದಕ್ಕೂ ಈ ವಿಚಾರಣೆಗೂ ಸಂಬಂಧವಿಲ್ಲ. ಪ್ರಿಂಟರ್‌ನ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಪುಟಕ್ಕೆ ಹೋಗಿ, ‘ಕಾನ್ಫಿಗರ್ ಪೋರ್ಟ್’ ಒತ್ತಿ, ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬಲ್ಲಿರುವ ಗುರುತನ್ನು ತೆಗೆಯಿರಿ. ಟೋನರ್ ಮಟ್ಟದಂತಹ ಮಾಹಿತಿ ಸರ್ವರ್‌ನಲ್ಲಿ ಕಾಣದಿರಬಹುದು. ಅದು ದೊಡ್ಡ ನಷ್ಟವೇನಲ್ಲ.

11ಬಿ ದೋಷದ ಹಿನ್ನೆಲೆ ಬೇರೆ. ಮುದ್ರಣಕ್ಕಾಗಿ ಕಂಪ್ಯೂಟರ್ ಮತ್ತು ಸರ್ವರ್ ನಡುವೆ ನಡೆಯುವ ಸಂವಹನದಲ್ಲಿದ್ದ ಒಂದು ಭದ್ರತಾ ಲೋಪಕ್ಕೆ ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ಪರಿಹಾರ ಬಿಡುಗಡೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 14ರ ಅಪ್‌ಡೇಟ್‌ನಲ್ಲಿ ಆ ಪರಿಹಾರದ ಬಿಗಿ ಭದ್ರತೆಯನ್ನು ಸರ್ವರ್‌ಗಳಲ್ಲಿ ಕಡ್ಡಾಯಗೊಳಿಸಿತು. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದ್ದರಿಂದ, ಹಣ ತೆತ್ತು ವಿಸ್ತರಿತ ಬೆಂಬಲ ಪಡೆಯದ ಕಂಪ್ಯೂಟರ್‌ಗಳಿಗೆ ಈ ಪರಿಹಾರ ತಲುಪಲೇ ಇಲ್ಲ. ಸರ್ವರ್ ಬಿಗಿಯಾದ ಸಂಪರ್ಕವನ್ನೇ ಕೇಳುತ್ತದೆ, ಹಳೆಯ ಕಂಪ್ಯೂಟರ್‌ಗೆ ಅದು ಬರುವುದಿಲ್ಲ.

ಇದಕ್ಕೆ ಎಲ್ಲೆಡೆ ಸಿಗುವ ಸಲಹೆಯೆಂದರೆ, ಸರ್ವರ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ‘ಆರ್‌ಪಿಸಿ ಆಥ್ನ್ ಲೆವೆಲ್ ಪ್ರೈವಸಿ ಎನೇಬಲ್ಡ್’ ಎಂಬ ಮೌಲ್ಯವನ್ನು ಸೊನ್ನೆ ಮಾಡುವುದು. ದೋಷ ಮಾಯವಾಗುವುದು ನಿಜ, ಆದರೆ ನಾಲ್ಕು ಹಳೆಯ ಕಂಪ್ಯೂಟರ್‌ಗಳ ಸಲುವಾಗಿ ಇಡೀ ಕಚೇರಿಯ ಬೀಗ ತೆಗೆದಿಟ್ಟಂತಾಗುತ್ತದೆ. ನಾನಂತೂ ಅದನ್ನು ಒಪ್ಪುವುದಿಲ್ಲ. ಆ ಕಂಪ್ಯೂಟರ್‌ಗಳನ್ನು ಸರ್ವರ್‌ನ ಗೊಡವೆಗೇ ಕಳಿಸಬೇಡಿ: ಅವುಗಳಲ್ಲಿ ಪ್ರಿಂಟರನ್ನು ಲೋಕಲ್ ಪ್ರಿಂಟರ್ ಆಗಿ ಸೇರಿಸಿ, ಟಿಸಿಪಿ/ಐಪಿ ಪೋರ್ಟ್‌ನಲ್ಲಿ ಪ್ರಿಂಟರ್‌ನ ವಿಳಾಸವನ್ನು ನೇರವಾಗಿ ಕೊಡಿ. ನೆಟ್‌ವರ್ಕ್‌ನಲ್ಲಿ ತಡೆಯಿಲ್ಲದಿದ್ದರೆ ಮುದ್ರಣ ಸರಾಗವಾಗಿ ನಡೆಯುತ್ತದೆ.

ವಿಂಡೋಸ್ 11 ಪಾಸ್‌ವರ್ಡ್ ಕೇಳುವುದು ದೋಷವಲ್ಲ, ನಿಯಮ. ವಿಂಡೋಸ್‌ನ ಮುದ್ರಣ ಸೇವೆಯಲ್ಲಿದ್ದ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾದ ಬಳಿಕ, 2021ರ ಆಗಸ್ಟ್ 10ರ ಅಪ್‌ಡೇಟ್‌ನಿಂದ ಸರ್ವರ್‌ನಲ್ಲಿರುವ ಡ್ರೈವರನ್ನು (ಪ್ರಿಂಟರನ್ನು ನಡೆಸುವ ತಂತ್ರಾಂಶ) ಸಾಮಾನ್ಯ ಬಳಕೆದಾರರು ಸ್ಥಾಪಿಸಿಕೊಳ್ಳುವಂತಿಲ್ಲ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರತಿ ಕಂಪ್ಯೂಟರ್‌ನಲ್ಲೂ ಡ್ರೈವರನ್ನು ಮೊದಲೇ ಹಾಕಿಬಿಡಿ. ಅದು ಸರ್ವರ್‌ನಲ್ಲಿರುವ ಆವೃತ್ತಿಯೇ ಆಗಿರಬೇಕು. ಇಲ್ಲದಿದ್ದರೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಮತ್ತೆ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಸರದಿಯಲ್ಲಿ ಸಿಕ್ಕಿಕೊಂಡ ಒಂದು ದಾಖಲೆ ಅಳಿಸಿದರೂ ಹೋಗುವುದಿಲ್ಲ, ಅದರ ಹಿಂದಿನವೂ ನಿಂತುಬಿಡುತ್ತವೆ. ಸರ್ವರನ್ನೇ ರೀಸ್ಟಾರ್ಟ್ ಮಾಡಬೇಕೆ?

ಉತ್ತರ: ಬೇಡ. ಮುದ್ರಣದ ಸರದಿಯನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32ರಲ್ಲಿ ಸ್ಪೂಲ್ ಒಳಗಿರುವ ‘ಪ್ರಿಂಟರ್ಸ್’ ಫೋಲ್ಡರನ್ನು ತೆರೆಯಿರಿ. ಅಲ್ಲಿ ಪ್ರತಿ ದಾಖಲೆಗೂ ಸಾಮಾನ್ಯವಾಗಿ ಎಸ್‌ಪಿಎಲ್ ಮತ್ತು ಎಸ್‌ಎಚ್‌ಡಿ ಎಂದು ಹೆಸರು ಕೊನೆಗೊಳ್ಳುವ ಎರಡು ಕಡತಗಳಿರುತ್ತವೆ. ಅವನ್ನು ಅಳಿಸಿ ಸೇವೆಯನ್ನು ಮತ್ತೆ ಆರಂಭಿಸಿ. ಎಲ್ಲವನ್ನೂ ಅಳಿಸಿದರೆ ಸರದಿಯಲ್ಲಿದ್ದ ಉಳಿದವರ ದಾಖಲೆಗಳೂ ಹೋಗುತ್ತವೆ, ಅವರಿಗೆ ಮೊದಲೇ ತಿಳಿಸಿ. ಪದೇ ಪದೇ ಹೀಗಾಗುತ್ತಿದ್ದರೆ ಸಿ ಡ್ರೈವ್‌ನಲ್ಲಿ ಜಾಗ ಉಳಿದಿದೆಯೇ ನೋಡಿ. ಜಾಗವಿಲ್ಲದಿದ್ದರೆ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ನ ‘ಅಡ್ವಾನ್ಸ್ಡ್’ ಪುಟದಲ್ಲಿ ಸ್ಪೂಲ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಬದಲಿಸಬಹುದು.