ಪಶುವೈದ್ಯ ತಂತ್ರಜ್ಞೆಯಾಗಲು ಯಾವ ಕೋರ್ಸ್ ಸೇರಲಿ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದ್ದೇನೆ. ಪತಿಯ ಉದ್ಯೋಗದ ನಿಮಿತ್ತ ಈಗ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ನನ್ನದು ಎಚ್-4 ವೀಸಾ, ಅಂದರೆ ಉದ್ಯೋಗ ವೀಸಾದಲ್ಲಿರುವವರ ಅವಲಂಬಿತರಿಗೆ ಸಿಗುವ ವೀಸಾ. ದನಕರುಗಳ ನಡುವೆ ಬೆಳೆದ ನನಗೆ ಇಲ್ಲಿ ವೆಟರ್ನರಿ ಟೆಕ್ನಿಷಿಯನ್ ಆಗುವ ಆಸೆಯಿದೆ. ಕೆಲವೇ ತಿಂಗಳ ಆನ್‌ಲೈನ್ ಸರ್ಟಿಫಿಕೇಟ್, ಮನೆಯಿಂದಲೇ ಓದುವ ಪದವಿ, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಕೋರ್ಸ್ – ಈ ಮೂರರಲ್ಲಿ ಯಾವುದು ಸೂಕ್ತ?
– ಓದುಗರೊಬ್ಬರು, ಕೊಲಂಬಸ್

ಉತ್ತರ: ಮೊದಲನೆಯದನ್ನು ಈಗಲೇ ಕೈಬಿಡಿ. ಅಂಥ ಸರ್ಟಿಫಿಕೇಟ್‌ಗಳು ಸಹಾಯಕರ ಕೆಲಸಕ್ಕೆ ತಯಾರು ಮಾಡುತ್ತವೆಯೇ ಹೊರತು ತಂತ್ರಜ್ಞರ ನೋಂದಣಿಗೆ ದಾರಿಯಾಗುವುದಿಲ್ಲ. ಒಹಾಯೊದಲ್ಲಿ ನೋಂದಾಯಿತ ತಂತ್ರಜ್ಞರಾಗಬೇಕಾದರೆ ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್, ಅಂದರೆ ಎವಿಎಂಎ, ಮಾನ್ಯತೆ ನೀಡಿದ ಕೋರ್ಸ್ ಮುಗಿಸಿ, ವಿಟಿಎನ್‌ಇ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪತಿಯ ಉದ್ಯೋಗ ನಾಳೆ ಬೇರೆ ರಾಜ್ಯಕ್ಕೆ ಹೋದರೂ ಬಹುತೇಕ ಎಲ್ಲ ಕಡೆ ಕೇಳುವುದು ಇವೆರಡನ್ನೇ. ಆದ್ದರಿಂದ ಕಾಲೇಜಿನವರು ಏನೇ ಹೇಳಲಿ, ಎವಿಎಂಎ ಜಾಲತಾಣದ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂಬುದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಿ.

ಉಳಿದ ಎರಡರಲ್ಲಿ ನಿಮ್ಮ ವೀಸಾವೇ ನಿರ್ಣಾಯಕ. ಪೆನ್ ಫಾಸ್ಟರ್, ಪರ್ಡ್ಯೂ ಮುಂತಾದ ಸಂಸ್ಥೆಗಳ ದೂರಶಿಕ್ಷಣ ಕೋರ್ಸ್‌ಗಳಿಗೂ ಮಾನ್ಯತೆಯಿದೆ. ಅವುಗಳನ್ನು ಕೀಳೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಪಾಠ ಮಾತ್ರ ಮನೆಯಲ್ಲಿ. ರಕ್ತ ತೆಗೆಯುವುದು, ಅರಿವಳಿಕೆಯಲ್ಲಿರುವ ಪ್ರಾಣಿಯ ಮೇಲೆ ನಿಗಾ ಇಡುವುದು, ಎಕ್ಸ್‌ರೇ ತೆಗೆಯುವುದು, ಹಲ್ಲು ಶುಚಿಗೊಳಿಸುವುದು ಇವೆಲ್ಲವನ್ನೂ ಯಾವುದಾದರೂ ಪಶು ಚಿಕಿತ್ಸಾಲಯದಲ್ಲಿ ಕಲಿತು ಮಾಡಿ ತೋರಿಸಬೇಕು, ಆ ಚಿಕಿತ್ಸಾಲಯವನ್ನು ಸಾಮಾನ್ಯವಾಗಿ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಅಲ್ಲಿ ಈಗಾಗಲೇ ನೌಕರಿಯಲ್ಲಿರುವವರಿಗೆ ಇದು ಸುಲಭ. ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲದಿದ್ದರೂ ದುಡಿಯಲು ಅನುಮತಿಯಿಲ್ಲ. ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿದ್ದರೆ ಮಾತ್ರ, 2015ರಿಂದ ಜಾರಿಯಲ್ಲಿರುವ ನಿಯಮದಂತೆ, ಉದ್ಯೋಗದ ಪರವಾನಗಿ ಕೋರಬಹುದು. ಸಂಬಳವಿಲ್ಲದೆ ಮಾಡುತ್ತೇನೆಂದರೂ, ಬೇರೆಯವರು ಸಂಬಳಕ್ಕೆ ಮಾಡುವ ಕೆಲಸವಾದರೆ ತೊಡಕಾಗಬಹುದು. ವಲಸೆ ಕಾನೂನಿನ ವಕೀಲರನ್ನು ಕೇಳದೆ ಯಾವ ಚಿಕಿತ್ಸಾಲಯಕ್ಕೂ ಒಪ್ಪಿಗೆ ಕೊಡಬೇಡಿ. ಕೋರ್ಸ್ ಮುಗಿದ ಮೇಲೂ ನೌಕರಿಗೆ ಆ ಪರವಾನಗಿ ಬೇಕೇ ಬೇಕು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಪತಿಯೊಡನೆ ಕುಳಿತು ಯೋಚಿಸಿ.

ಹೀಗಾಗಿ ನಿಮಗೆ ಕಾಲೇಜಿಗೇ ಹೋಗಿ ಕಲಿಯುವುದು ಹೆಚ್ಚು ಸೂಕ್ತವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ಊರಿನಲ್ಲೇ ಇರುವ ಕೊಲಂಬಸ್ ಸ್ಟೇಟ್ ಕಮ್ಯುನಿಟಿ ಕಾಲೇಜಿನ ಕೋರ್ಸ್‌ಗೆ ಎವಿಎಂಎ ಮಾನ್ಯತೆಯಿದೆ. ಅಲ್ಲಿಗೆ ಹೋದಾಗ ಕಟ್ಟಡವನ್ನಲ್ಲ, ಪ್ರಯೋಗ ತರಗತಿಗಳನ್ನು ನೋಡಿ: ಒಂದು ಪ್ರಾಣಿಗೆ ಎಷ್ಟು ವಿದ್ಯಾರ್ಥಿಗಳು, ಹಸು ಮತ್ತು ಕುದುರೆಗಳ ಅಭ್ಯಾಸ ಎಲ್ಲಿ ನಡೆಯುತ್ತದೆ, ಹೊರಗಿನ ತರಬೇತಿಯ ಸ್ಥಳವನ್ನು ಕಾಲೇಜು ಗೊತ್ತುಮಾಡುತ್ತದೆಯೇ ಎಂದು ವಿಚಾರಿಸಿ. ಮಾನ್ಯತೆ ಪಡೆದ ಕೋರ್ಸ್‌ಗಳಲ್ಲಿ ದೊಡ್ಡ ಪ್ರಾಣಿಗಳ ಆರೈಕೆಯೂ ಕಡ್ಡಾಯವಾದ್ದರಿಂದ, ಮಣಿಯದ ಹಸುವನ್ನು ಹಿಡಿದು ನಿಲ್ಲಿಸಬಲ್ಲ ನಿಮಗೆ, ನಾಯಿ ಬೆಕ್ಕುಗಳನ್ನಷ್ಟೇ ಕಂಡ ಸಹಪಾಠಿಗಳಿಗಿಂತ ಅಲ್ಲಿ ಧೈರ್ಯ ಹೆಚ್ಚಿರುತ್ತದೆ.

ವಿಟಿಎನ್‌ಇ ಫಲಿತಾಂಶವನ್ನು ಪ್ರತಿ ಮಾನ್ಯ ಕಾಲೇಜೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಆದರೆ ಆ ಶೇಕಡಾವಾರನ್ನಷ್ಟೇ ನಂಬಬೇಡಿ. ಸೇರಿದವರಲ್ಲಿ ಎಷ್ಟು ಮಂದಿ ಕೋರ್ಸ್ ಮುಗಿಸಿದರು ಎಂದೂ ಕೇಳಿ, ಏಕೆಂದರೆ ಅರ್ಧದಲ್ಲೇ ಬಿಟ್ಟವರು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ನಿಮ್ಮ ಬಿ.ಎಸ್‌ಸಿ. ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿದರೆ ಕೆಲವು ಸಾಮಾನ್ಯ ವಿಷಯಗಳಿಂದ ವಿನಾಯಿತಿ ಸಿಗಬಹುದು. ಚಿಕಿತ್ಸಾ ವಿಷಯಗಳನ್ನು ಓದಲೇಬೇಕು. ಈ ವೃತ್ತಿಯಲ್ಲಿ ರೋಗ ನಿರ್ಣಯಿಸುವುದು, ಔಷಧ ಬರೆದುಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯರಿಗೆ ಮಾತ್ರ ಸೇರಿದ್ದು ಎಂಬುದೂ ತಿಳಿದಿರಲಿ. 2023ರ ಮೇ ತಿಂಗಳ ಸರ್ಕಾರಿ ಅಂಕಿಅಂಶದಂತೆ ಅಮೆರಿಕದಲ್ಲಿ ಈ ತಂತ್ರಜ್ಞರ ಮಧ್ಯಮ ವಾರ್ಷಿಕ ವೇತನ 43,740 ಡಾಲರ್. ಇಷ್ಟು ಆದಾಯದ ವೃತ್ತಿಗಾಗಿ ದುಬಾರಿ ಖಾಸಗಿ ಕಾಲೇಜಿಗೆ ಸಾಲ ಮಾಡಿ ಸೇರುವುದು ಬೇಡ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ನಿಮ್ಮ ವೀಸಾಕ್ಕೆ ಅನ್ವಯಿಸುತ್ತದೆಯೇ ಎಂದು ಪ್ರವೇಶ ವಿಭಾಗದಿಂದ ಲಿಖಿತವಾಗಿ ತಿಳಿದುಕೊಂಡ ನಂತರವೇ ಅರ್ಜಿ ಹಾಕಿ.