ಬೈತಲೆಯ ಚಿಂತೆ: ಟಾಪರ್ ಸಾಕೇ, ಔಷಧಿ ಬೇಕೇ?

ಇವರನ್ನು ಸುಮಾ ಎನ್ನೋಣ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ಮೂವತ್ತಮೂರು, ಶಾಲಾ ಶಿಕ್ಷಕಿ, ನಾಲ್ಕು ವರ್ಷದ ಮಗಳಿದ್ದಾಳೆ. ನಿದ್ದೆ ಬರುವುದಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದವರು ಕೂದಲಿನ ಮಾತೆತ್ತಿದ್ದು ಎರಡನೇ ಭೇಟಿಯಲ್ಲಿ.

“ಕೂತು ನೋಟ್‌ಬುಕ್ ತಿದ್ದುವಾಗ ಮಕ್ಕಳು ಸುತ್ತ ನಿಂತಿರ್ತಾರೆ ಮೇಡಂ. ಒಬ್ಬ ಹುಡುಗ, ‘ಮಿಸ್, ನಿಮ್ಮ ಕೂದಲ ನಡುವೆ ತಲೆ ಬೆಳ್ಳಗೆ ಕಾಣ್ತಿದೆ’ ಅಂದುಬಿಟ್ಟ.” ಆಮೇಲೆ ಅವರು ನಿಂತೇ ತಿದ್ದುತ್ತಿದ್ದಾರಂತೆ.

ಬೈತಲೆ ಎರಡು ವರ್ಷದಿಂದ ಅಗಲವಾಗುತ್ತಿದೆ. ಮುಂದಿನ ತಿಂಗಳು ನಾದಿನಿಯ ಮದುವೆ. ಒಂದು ಕ್ಲಿನಿಕ್ಕಿನವರು, ನಮ್ಮದೇ ರಕ್ತದ ಪ್ಲೇಟ್ಲೆಟ್ ಅಂಶ ತೆಗೆದು ತಲೆಗೆ ಚುಚ್ಚುವ ಪಿಆರ್‌ಪಿಗೆ ಇಎಂಐ ಪಟ್ಟಿ ಕೊಟ್ಟು, ಇವತ್ತೇ ಕಟ್ಟಿದರೆ ರಿಯಾಯಿತಿ ಅಂದಿದ್ದಾರೆ. ಗೆಳತಿಯೊಬ್ಬಳು ಟಾಪರ್ ತೋರಿಸಿದ್ದಾಳೆ, ಅಂದರೆ ನೆತ್ತಿಯ ಮೇಲೆ ಕ್ಲಿಪ್ ಹಾಕಿ ಕೂರಿಸುವ ಕೃತಕ ಕೂದಲು. “ಟಾಪರ್ ಹಾಕಿದ್ರೆ ಎಲ್ಲರಿಗೂ ಮೋಸ ಮಾಡಿದ ಹಾಗೆ. ಔಷಧಿ ಅಂದ್ರೆ ಜೀವಮಾನವಿಡೀ ಹಚ್ಚಬೇಕಂತೆ. ಯಾವುದು ಸರಿ?”

“ನಿಮ್ಮ ಮದುವೆಯಲ್ಲಿ ಮೊಗ್ಗಿನ ಜಡೆ ಹಾಕಿದ್ರಲ್ಲ, ಒಳಗೆ ಚೌರಿ ಇರಲಿಲ್ವಾ?” ಎಂದೆ. ನಕ್ಕರು. ಮೋಸದ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಅಷ್ಟು ಸುಲಭವಿರಲಿಲ್ಲ. ಮದುವೆಗೆ ಬೇಕಾದದ್ದು ಟಾಪರ್‌ನಿಂದಲೋ, ಬೈತಲೆ ಮುಚ್ಚಲು ಉದುರಿಸುವ ಕೂದಲ ಬಣ್ಣದ ಕೆರಾಟಿನ್ ಪುಡಿಯಿಂದಲೋ ಆಗುತ್ತದೆ. ಪುಡಿ ತಲೆ ತೊಳೆದರೆ ಹೋಗುತ್ತದೆ. ಟಾಪರ್‌ನ ಕ್ಲಿಪ್ ದಿನಾ ಒಂದೇ ಜಾಗದಲ್ಲಿ ಎಳೆದರೆ ಇರುವ ಕೂದಲೂ ಕಿತ್ತು ಬರುತ್ತದೆ. ಕ್ಲಿಪ್‌ನ ಜಾಗ ಬದಲಿಸಿ, ಮನೆಗೆ ಬಂದ ಕೂಡಲೇ ತೆಗೆಯಿರಿ ಎಂದೆ. ಹಚ್ಚುವ ಔಷಧಿ ಎಂದರೆ ಮಿನಾಕ್ಸಿಡಿಲ್; ಅದು ಮದುವೆಗೆ ಒದಗುವ ಮದ್ದಲ್ಲ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಶುರುವಿನ ವಾರಗಳಲ್ಲಿ ಉದುರುವುದು ಹೆಚ್ಚಲೂಬಹುದು. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮೊದಲಿನ ಸ್ಥಿತಿ. ಕೆಲವರಿಗೆ ಹಣೆ, ಕೆನ್ನೆಯ ಮೇಲೂ ಕೂದಲು ಬರುತ್ತದೆ. ಪಿಆರ್‌ಪಿಯಿಂದ ಕೆಲವರಿಗೆ ಉಪಯೋಗವಾಗಿದೆ, ಆದರೆ ಖಾತರಿ ಕೊಡುವಂಥದ್ದಲ್ಲ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಕಂತು ಕಟ್ಟಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೊದಲು ಚರ್ಮರೋಗ ತಜ್ಞರನ್ನು ಕಾಣಿ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ನೋಡಿಸಿ ಎಂದೆ. ಹೆರಿಗೆಯ ನಂತರ ಉದುರುವುದು ಸಾಮಾನ್ಯವಾಗಿ ವರ್ಷದೊಳಗೆ ಸರಿಹೋಗುತ್ತದೆ. ಇವರದು ಆ ಗಡುವು ಮೀರಿತ್ತು.

“ಅಣ್ಣ ಕೂದಲು ಉದುರೋದಕ್ಕೆ ತಗೊಳ್ಳೋ ಫಿನಾಸ್ಟರೈಡ್ ಮಾತ್ರೆ ನಾನೂ ತಗೊಳ್ಲಾ?” ಎಂದು ಕೇಳಿದರು. ಬೇಡವೇ ಬೇಡ ಎಂದೆ. ಬಸಿರಾದರೆ ಹೊಟ್ಟೆಯಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಅದು ತೊಂದರೆ ಮಾಡಬಲ್ಲದು. ಬಸುರಿಯರು, ಹಾಲೂಡಿಸುವವರು ಮಿನಾಕ್ಸಿಡಿಲ್ ಸಹ ಬಳಸಬಾರದು. ಹಾಗಾಗಿ ಕೇಳಲೇಬೇಕಾಯಿತು: “ಇನ್ನೊಂದು ಮಗುವಿನ ಯೋಚನೆ ಇದೆಯಾ?”

ಸುಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅತ್ತೆಗೆ ಬೇಕು. ಇವರು ಹೂಂ ಅಂದಿದ್ದಾರೆ. ನನ್ನನ್ನ ಯಾರೂ ಕೇಳಿಲ್ಲ.” ಔಷಧಿ ಶುರು ಮಾಡಿದರೆ ಮಗು ಬೇಡ ಎಂದಂತಾಗುತ್ತದೆ ಎಂಬ ಭಯ ಅವರಿಗೆ. ನಿದ್ದೆಗೆಡಿಸಿದ್ದು ಇದೇ ಇರಬೇಕು ಅನ್ನಿಸಿತು. ಕೂದಲಿನ ನಿರ್ಧಾರ ಪಕ್ಕಕ್ಕಿಟ್ಟು, ಈ ಮಾತನ್ನು ಅತ್ತೆಯ ಮುಂದೆ ಬೇಡ, ಗಂಡನೊಬ್ಬನ ಜತೆ ಮೊದಲು ಆಡಿ ಎಂದೆ. ಬೇಕಿದ್ದರೆ ಇಲ್ಲಿಗೇ ಕರೆತನ್ನಿ ಎಂದೂ ಹೇಳಿದೆ.

ಮದುವೆಗೆ ಟಾಪರ್ ಹಾಕಿಕೊಂಡೇ ಹೋದರು. ಫೆರಿಟಿನ್ ಕಡಿಮೆಯಿತ್ತು, ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರು. ಬೈತಲೆ ಅಗಲವಾಗಿದ್ದಕ್ಕೆ ಅದಷ್ಟೇ ಕಾರಣವಲ್ಲ, ಹೆಂಗಸರಲ್ಲಿ ಕಾಣುವ ವಂಶವಾಹಿ ಕೂದಲುದುರುವಿಕೆಯೂ ಇದೆ ಎಂದರು. ಗಂಡ ಒಮ್ಮೆ ಬಂದಿದ್ದರು. “ಅವಳಿಗೂ ಬೇಕು ಅಂತಲೇ ಅಂದ್ಕೊಂಡಿದ್ದೆ” ಎಂದರು. ಎರಡನೇ ಮಗುವಿನ ವಿಚಾರ ಇನ್ನೆರಡು ವರ್ಷ ಬೇಡವೆಂದು ಇಬ್ಬರೂ ಒಪ್ಪಿದ ಮೇಲೆ, ವೈದ್ಯರ ಸಲಹೆಯಂತೆ ಮಿನಾಕ್ಸಿಡಿಲ್ ಶುರುವಾಯಿತು. ಅಷ್ಟರಲ್ಲಿ ಮನಸ್ಸು ಬದಲಾದರೆ ಮೊದಲು ವೈದ್ಯರಿಗೆ ತಿಳಿಸಿ ಎಂದಿದ್ದೇನೆ. ಅತ್ತೆಗೆ ಯಾರು ಹೇಳಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಭೇಟಿ ಅದಕ್ಕೇ.